ಬೇಸಿಗೆಯ ಬಿರುಕು ಎಂದುಕೊಂಡದ್ದು

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಹತ್ತಿ ಹೊಲಗಳ ನಡುವೆ ಒಂದು ಗುಡ್ಡ ಕಾಣುತ್ತದೆ. ಅದು ಗುಡ್ಡವಲ್ಲ. ಗಣಿ ನಡೆಯುತ್ತಿದ್ದಾಗ ಒಳಗಿನಿಂದ ತೆಗೆದು, ಬೇಡವೆಂದು ಹೊರಗೆ ಸುರಿದ ಕಲ್ಲಿನ ರಾಶಿ. ಗಣಿಯವರು ಅದನ್ನು ಡಂಪು ಎನ್ನುತ್ತಿದ್ದರು, ಊರವರೂ ಹಾಗೇ ಕರೆಯುತ್ತಾರೆ. ಅದರ ಪಕ್ಕಕ್ಕೆ ಗಣಿಯ ಕೆಸರುನೀರು ನಿಲ್ಲಿಸಲು ಕಟ್ಟಿದ ಉದ್ದನೆಯ ಮಣ್ಣಿನ ಒಡ್ಡು. ಗಣಿ ಮುಚ್ಚಿ ವರ್ಷಗಳಾದವು. ಯಾವ ಗಣಿ, ಯಾರದು ಎಂಬುದು ಇಲ್ಲಿ ಬೇಡ. ಮುಚ್ಚುವಾಗ ರಾಶಿಯ ಇಳಿಜಾರು ತಗ್ಗಿಸಿ, ಮೇಲೆ ಹೊಲದ ಕಪ್ಪು ಎರೆಮಣ್ಣು ಹೊದಿಸಿ, ಬೇವು ಹೊಂಗೆ ನೆಟ್ಟು, ಪುನಶ್ಚೇತನಗೊಂಡ ಪ್ರದೇಶ ಎಂದು ಬೋರ್ಡು ಹಾಕಿದರು. ಬೋರ್ಡು ಹಾಕಿದ ಮೇಲೆ ನನ್ನಂಥವರ ಕೆಲಸ ಶುರುವಾಗುತ್ತದೆ.

ಗುಡ್ಡ ನಿಂತಲ್ಲೇ ನಿಂತಿದೆಯೇ ಎಂದು ನೋಡುವುದು ನನ್ನ ಕೆಲಸ. ಕಲಬುರಗಿಯಲ್ಲಿ ಭೂವಿಜ್ಞಾನ ಓದಿದ ಮೇಲೆ ಒಂದು ಖಾಸಗಿ ಸಂಸ್ಥೆಯಲ್ಲಿ ಗುತ್ತಿಗೆಯ ಮೇಲೆ ಸೇರಿಕೊಂಡೆ. ಡಂಪಿನ ಮೇಲೂ ಒಡ್ಡಿನ ಮೇಲೂ ಅಲ್ಲಲ್ಲಿ ಸಿಮೆಂಟಿನಲ್ಲಿ ಹೂತ ಕಬ್ಬಿಣದ ಗೂಟಗಳಿವೆ. ದೂರದ ಗಟ್ಟಿ ಬಂಡೆಯ ಮೇಲೆ ಯಂತ್ರ ನಿಲ್ಲಿಸಿ, ಹೋದ ಸಲಕ್ಕಿಂತ ಈ ಸಲ ಯಾವ ಗೂಟ ಸರಿದಿದೆ ಎಂದು ಅಳೆಯಬೇಕು. ಒಡ್ಡಿನೊಳಗೆ ಇಳಿಸಿದ ಕೊಳವೆಗಳಲ್ಲಿ ನೀರು ಎಷ್ಟು ಆಳದಲ್ಲಿದೆ ನೋಡಬೇಕು. ಇಳಿಜಾರಿನ ಮೇಲೆ ನಡೆದಾಡಿ ಬಿರುಕು, ಉಬ್ಬು, ಒಸರು ಕಂಡರೆ ಬರೆದುಕೊಳ್ಳಬೇಕು. ಏನೂ ಆಗದಿರುವುದನ್ನು ನೋಡಿಕೊಂಡು ಬರುವ ಕೆಲಸ ಎಂದು ಮನೆಯಲ್ಲಿ ಅಣ್ಣ ತಮಾಷೆ ಮಾಡುತ್ತಿದ್ದ. ಶುರುವಿನಲ್ಲಿ ಅದು ನಿಜವೇ ಆಗಿತ್ತು.

ನಾನು ದಿನಚರಿ ಬರೆಯುವವಳು. ಹಾಗಿದ್ದರೂ ಈ ಗುಡ್ಡದ ವಿಷಯ ಬರೆಯಲು ಕೂತರೆ ನನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಆ ಬಿರುಕನ್ನು ಮೊದಲು ಕಂಡ ದಿನ ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೆ. ಬಿಸಿಗಾಳಿ, ಒಣಗಿದ ಹುಲ್ಲಿನ ವಾಸನೆ, ಡಂಪಿನ ನೆತ್ತಿಯಿಂದ ದೂರದಲ್ಲಿ ಮಸುಕಾಗಿ ಕಾಣುತ್ತಿದ್ದ ಶಹಾಪುರದ ಗುಡ್ಡಸಾಲು. ಆದರೆ ಅದೇ ಇರಬೇಕು ಎಂದುಕೊಂಡ ದಿನದ ಪುಟ ತೆಗೆದರೆ, ತಲೆನೋವು, ಅರ್ಧ ಕೆಲಸ ಮಾಡಿ ಬಸ್ಸು ಹತ್ತಿದೆ ಎಂದಷ್ಟೇ ಇದೆ. ಎರಡು ಮೂರು ದಿನಗಳು ಸೇರಿ ನನ್ನ ತಲೆಯಲ್ಲಿ ಒಂದೇ ದಿನವಾಗಿರಬಹುದು. ಆದ್ದರಿಂದ ಇಲ್ಲಿ ನಾನು ಹೇಳುವುದರಲ್ಲಿ ಮಾತುಗಳನ್ನು ನಂಬಬಹುದು. ಮಾತು ನನಗೆ ಮರೆಯುವುದಿಲ್ಲ. ಯಾವ ಮಾತು ಯಾವ ದಿನದ್ದು ಎಂಬುದರಲ್ಲಿ ಹೆಚ್ಚುಕಡಿಮೆ ಇರಬಹುದು.

ಡಂಪಿನ ಬುಡಕ್ಕೆ ಒಂದೇ ಒಂದು ಮನೆ ಉಳಿದಿತ್ತು. ಗಣಿ ಇದ್ದಾಗ ಅಲ್ಲಿ ಕೂಲಿಯವರ ಸಾಲುಮನೆಗಳಿದ್ದವಂತೆ. ಗಣಿ ನಿಂತ ಮೇಲೆ ಒಬ್ಬೊಬ್ಬರೇ ಕದ, ಚೌಕಟ್ಟು, ತಗಡು ಕಿತ್ತುಕೊಂಡು ಹೋದರು. ಈ ಮನೆಯ ಯಜಮಾನ ಹೋಗಲಿಲ್ಲ. ಗಿಡಗಳಿಗೆ ನೀರು ಹಾಕುವ, ದನ ಕುರಿ ಹತ್ತದಂತೆ ಕಾಯುವ ಕೆಲಸ ಅವನಿಗೆ ಸಿಕ್ಕಿತ್ತು. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ, ಅವನ ಹೆಂಡತಿಯನ್ನು ಕಾಕಿ; ಅವರು ನನ್ನನ್ನು ಮರ್ಯಾದೆಯಿಂದ ಬಾಯಾರು ಎನ್ನುತ್ತಿದ್ದರು. ಇಬ್ಬರೂ ನಲವತ್ತೈದರ ಆಚೀಚೆ. ಮಗಳನ್ನು ಯಾದಗಿರಿಗೆ ಮದುವೆ ಮಾಡಿ ಕೊಟ್ಟಿದ್ದರು. ಒಳಗಿನ ಗೋಡೆಯ ಮೇಲೆ ಬುದ್ಧನ ಪಟ. ವರ್ಷಕ್ಕೊಮ್ಮೆ ಬುದ್ಧಪೂರ್ಣಿಮೆಗೆ ಮುಂಚೆ ಕಾಕಿ ಗೋಡೆಗಳಿಗೆ ಮಣ್ಣು ಮೆತ್ತಿ ಸುಣ್ಣ ಬಳಿಯುತ್ತಿದ್ದಳು. ಬಳಿದ ಹೊಸದರಲ್ಲಿ ಆ ಮನೆ ಡಂಪಿನ ಕಪ್ಪು ಮೈಗೆ ಅಂಟಿಸಿದ ಬಿಳಿ ಕಾಗದದಂತೆ ಕಾಣುತ್ತಿತ್ತು.

ನನ್ನನ್ನು ಕಂಡರೆ ಕಾಕಿಯ ಮೊದಲ ಮಾತು ಯಾವಾಗಲೂ ಗುಡ್ಡದ ಬಗ್ಗೆಯೇ.

"ಬರ್ರಿ ಗುಡ್ಡದ ಬಾಯಾರ. ಹೆಂಗಿದ್ದಾನ ನಿಮ್ಮ ಪೇಷಂಟ? ಉಂಡಾನೋ ಇಲ್ಲೋ?"

"ಅರಾಮಿದ್ದಾನ ಕಾಕಿ."

"ಅರಾಮಿದ್ರ ಮತ್ತ ಯಾಕ ಸಾರಿ ಸಾರಿ ನೋಡಾಕ ಬರ್ತೀರಿ? ನಮ್ಮೂರ ಡಾಕ್ಟರ ಇಷ್ಟು ಸಲ ಬಂದ್ರ ಮಂದಿ ಹೆಣಾ ಎತ್ತಾಕ ತಯಾರಾಗ್ತಾರ."

ಕಾಕಾ ಬಾಗಿಲ ಹೊರಗೆ ಕೂತು ಬೀಡಿ ಹಚ್ಚುತ್ತ, "ಅಕಿ ಮಾತ ಕೇಳಬ್ಯಾಡ್ರಿ ಬಾಯಾರ, ಅಕಿಗಿ ಗುಡ್ಡದ ಮ್ಯಾಲೆ ಸಿಟ್ಟದ" ಎನ್ನುತ್ತಿದ್ದ.

"ಸಿಟ್ಟಿಲ್ಲ, ಅಂಜಿಕಿ ಅದ" ಎಂದು ಅವಳು ಒಳಗಿನಿಂದಲೇ ಹೇಳುತ್ತಿದ್ದಳು. ಹೇಳುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ನಾನು ಬಂದ ದಿನ ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಪ್ಪುತ್ತಿರಲಿಲ್ಲ.

ಅವಳ ಅಂಜಿಕೆಗೆ ಒಂದು ಗುರಿಯಿತ್ತು. ಊರ ಹತ್ತಿರ, ರಸ್ತೆಯ ಬದಿಗೆ, ಗಣಿ ಮುಚ್ಚುವಾಗ ಮೀಸಲಿಟ್ಟ ಜಾಗದಲ್ಲಿ ಒಂದು ಮನೆಯ ಜಾಗ ಕೊಡಿ ಎಂದು ಅವಳು ಮುಚ್ಚಿದ ಗಣಿಯ ಉಸ್ತುವಾರಿ ನೋಡುವ ಕಚೇರಿಗೆ ಅರ್ಜಿ ಹಾಕಿದ್ದಳು. ಈಗ ಇರುವ ಜಾಗ ಅಪಾಯದ್ದು ಎಂದು ಅಳೆಯುವವರು ಬರೆದುಕೊಟ್ಟರೆ ಕೊಡುತ್ತೇವೆ ಎಂದು ಅಲ್ಲಿ ಹೇಳಿದ್ದರು. ಅಳೆಯುವವರು ಎಂದರೆ ನಾವು. ಅದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಊಟಕ್ಕೆ ಕೂತಾಗ ಅದರ ಮಾತು ಅವಳು ಎಂದೂ ತೆಗೆಯುತ್ತಿರಲಿಲ್ಲ. ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು, ಅಷ್ಟೇ. ಅದರಿಂದ ನನಗೆ ಊಟ ಕಷ್ಟವಾಗುತ್ತಿತ್ತು. ಕಾಕಾನಿಗೆ ಅರ್ಜಿ ಇಷ್ಟವಿರಲಿಲ್ಲ. ಜಾಗ ಅಪಾಯದ್ದು ಎಂದಾದರೆ ಗಿಡ ಕಾಯುವ ಕೆಲಸವೂ ಹೋಗುತ್ತದೆ ಎಂದು ಅವನ ಲೆಕ್ಕ.

ಬಿರುಕಿನ ವಿಷಯಕ್ಕೆ ಬರುತ್ತೇನೆ.

ಡಂಪಿನ ನೆತ್ತಿಯ ಮೇಲೆ, ಅಂಚಿನಿಂದ ಸ್ವಲ್ಪ ಒಳಗೆ, ಅಂಚಿಗೆ ಸಮಾನಾಂತರವಾಗಿ ಒಂದು ಸೀಳು ಬಿಟ್ಟಿತ್ತು. ಕೈ ಇಳಿಯುವಷ್ಟು ಅಗಲ. ಎರಡೂ ತುದಿ ನಿಧಾನವಾಗಿ ಅಂಚಿನ ಕಡೆಗೆ ಬಾಗಿದ್ದವು. ನೋಡಿದೆ, ನೋಡಿ ಹೆದರಲಿಲ್ಲ. ಹೆದರದಿರುವುದಕ್ಕೆ ಕಾರಣ ನನ್ನ ಓದಲ್ಲ, ನನ್ನ ಊರು.

ನಾನು ದೋರನಹಳ್ಳಿಯವಳು. ಎರೆಭೂಮಿಯಲ್ಲಿ ಹುಟ್ಟಿದವರಿಗೆ ಬೇಸಿಗೆಯ ಬಿರುಕು ಹೊಸದಲ್ಲ. ಹತ್ತಿ ಕಿತ್ತು, ತೊಗರಿ ಕೊಯ್ದು, ಹೊಲ ಬರಿದಾದ ಮೇಲೆ ಭೂಮಿ ಬಾಯಿ ಬಿಡುತ್ತದೆ. ಮಕ್ಕಳಾಗಿದ್ದಾಗ ಅದರೊಳಗೆ ಹರಳು ಹಾಕಿ, ಅದು ಕೆಳಗೆ ಮುಟ್ಟುವ ಸಪ್ಪಳಕ್ಕೆ ಕಿವಿಗೊಟ್ಟು ಕೂರುತ್ತಿದ್ದೆವು. ನನ್ನ ಒಂದು ಚಪ್ಪಲಿ ಹಾಗೆ ಹೋಯಿತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅಣ್ಣ ಅದು ಅವನ ಚಪ್ಪಲಿ ಎನ್ನುತ್ತಾನೆ. ಯಾರದಾದರೂ ಇರಲಿ, ಮಳೆ ಬಿದ್ದರೆ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ. ಅದಕ್ಕೆ ಯಾರೂ ಮಣ್ಣು ತುಂಬುವುದಿಲ್ಲ, ಯಾರೂ ಅಳೆಯುವುದಿಲ್ಲ. ಡಂಪಿನ ಮೇಲೆ ಹೊದಿಸಿದ್ದು ಅದೇ ಎರೆಮಣ್ಣು, ಕಾಲುವೆ ತೋಡುವಾಗ ತೆಗೆದದ್ದು. ಅದು ಬಿರುಕು ಬಿಡದಿದ್ದರೆ ಆಶ್ಚರ್ಯ.

ಆದರೆ ಹೊಲದ ಬಿರುಕು ಬಲೆಯ ಹಾಗೆ ಎಲ್ಲ ದಿಕ್ಕಿಗೂ ಹರಡುತ್ತದೆ. ಇದು ಒಂದೇ ಗೆರೆ. ಸುತ್ತಲೂ ಸಣ್ಣ ಬಿರುಕುಗಳ ಬಲೆ ಇತ್ತು, ಅದರ ನಡುವೆ ಈ ಗೆರೆ ಯಾರನ್ನೂ ಕೇಳದೆ ತನ್ನ ಪಾಡಿಗೆ ಹೋಗಿತ್ತು. ಇದು ನನಗೆ ಯಾವಾಗ ಹೊಳೆಯಿತು? ಅಂದೇ ಹೊಳೆಯಿತು ಎಂದು ಬರೆಯಲು ಕೈ ಹೋಗುತ್ತದೆ. ದಿನಚರಿ ಅದಕ್ಕೆ ಒಪ್ಪುವುದಿಲ್ಲ. ಗೆರೆಯ ಚಿತ್ರ ಅದರಲ್ಲಿ ಬರುವುದು ಮುಂದಿನ ಭೇಟಿಗಳಲ್ಲಿ, ಅದೂ ಪುಟದ ಮೂಲೆಯಲ್ಲಿ, ಪಕ್ಕಕ್ಕೆ ಪ್ರಶ್ನೆಯ ಗುರುತಿನೊಂದಿಗೆ.

ಗೆರೆಯ ಆಚೆಗೊಂದು ಈಚೆಗೊಂದು ಸರಳು ಹೊಡೆಸಿ ನಡುವಿನ ಅಂತರ ಅಳೆಯಲು ಶುರು ಮಾಡಿದೆ. ನಮ್ಮ ಸಂಸ್ಥೆಯ ಇಂಜಿನಿಯರ್ ಸಾಹೇಬರನ್ನು ಕರೆತಂದು ತೋರಿಸಿದೆ. ಅವರು ರಾಮಸಮುದ್ರದ ಕಡೆಯವರು, ಒಕ್ಕಲುತನದ ಮನೆಯವರು. ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು. ಬಿರುಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಹೆಂಟೆ ಪುಡಿ ಮಾಡಿ, ನಕ್ಕರು.

"ಏನ್ರಿ ಮೇಡಂ, ದೋರನಹಳ್ಳಿಯವರಾಗಿ ಎರಿ ಬಿರುಕು ನೋಡಿಲ್ಲೇನ್ರಿ? ನಮ್ಮ ಹೊಲದಾಗ ನಮ್ಮಪ್ಪಂದು ಕುಡಗೋಲ ಬಿದ್ದಿತ್ತು. ಮುಂದಿನ ವರ್ಷ ಎತ್ತು ಕಟ್ಟಿ ರಂಟಿ ಹೊಡಿಯಾಗ ಸಿಕ್ತು."

"ಇದು ಒಂದೇ ಗೆರಿ ಅದರಿ ಸರ್. ಅಂಚಿಗೆ ಸರಿಯಾಗಿ ಹೋಗ್ಯಾದ."

"ಅಂಚಿನ ಕಡೆ ಬಿಸಿಲು ಜಾಸ್ತಿ, ಗಾಳಿ ಜಾಸ್ತಿ. ಅಲ್ಲೇ ಜಲ್ದಿ ಒಣಗ್ತದ. ಒಂದು ಮಳಿ ಆಗ್ಲಿ, ನೋಡ್ರಿ, ಹೊಲಿದಿಟ್ಟಂಗ ಮುಚ್ಚತದ."

ಕಾಕಾನೂ ಜೊತೆಗಿದ್ದ. ಅವನೂ ನಕ್ಕ. ನಾನೂ ನಕ್ಕಿರಬೇಕು. ಮೂವರೂ ಎರೆಭೂಮಿಯವರು. ಅಲ್ಲಿ ಕೆಂಪುಮಣ್ಣಿನ ನಾಡಿನವರೋ ಸಮುದ್ರದ ಕಡೆಯವರೋ ಒಬ್ಬರಿದ್ದಿದ್ದರೆ ಹೆದರಿ ಓಡಿ ಬಂದು ಎಲ್ಲರನ್ನೂ ಎಬ್ಬಿಸುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ನಮಗೆ ಆ ಭಾಗ್ಯವಿರಲಿಲ್ಲ. ನಮ್ಮ ಮಣ್ಣು ನಮಗೆ ಬಹಳ ಪರಿಚಯವಿತ್ತು.

ಆ ಸಲದ ವರದಿಯಲ್ಲಿ ನಾನು, ಈ ಬಿರುಕನ್ನು ನಿಗಾದಲ್ಲಿಡಬೇಕು ಎಂದು ಬರೆದಿದ್ದೆ. ಸಾಹೇಬರು ಅದನ್ನು, ಇದು ಎರೆಮಣ್ಣಿನ ಬೇಸಿಗೆ ಬಿರುಕು ಎಂದು ತಿದ್ದಿದರು. ಮೋಸ ಮಾಡಲು ತಿದ್ದಲಿಲ್ಲ. ಅವರು ಅದನ್ನು ನಂಬಿದ್ದರು.

ಮಳೆ ಬಂತು. ಬಿರುಕು ಮುಚ್ಚಿತು. ಅಲ್ಲಿ ಬಿರುಕಿತ್ತು ಎಂದು ಹೇಳಿದರೆ ನಂಬದ ಹಾಗೆ ಮುಚ್ಚಿತು, ಮೇಲೆ ಹುಲ್ಲು ಬಂತು. ನಾನು ಸರಳುಗಳ ಅಂತರ ಅಳೆದೆ. ಬಿರುಕು ಮುಚ್ಚಿದ ಮೇಲೆ ಸರಳುಗಳು ಒಂದಕ್ಕೊಂದು ಹತ್ತಿರ ಬಂದಿರಬೇಕು. ಅವು ಇನ್ನಷ್ಟು ದೂರ ಹೋಗಿದ್ದವು, ಕಿರುಬೆರಳಿನ ಅಗಲದಷ್ಟು. ತಪ್ಪು ಓದಿದೆ ಎಂದುಕೊಂಡು ಮತ್ತೆ ಅಳೆದೆ. ಯಂತ್ರದಿಂದ ನೋಡಿದರೆ ನೆತ್ತಿಯ ಗೂಟವೂ ಹೊರಕ್ಕೆ, ಕೆಳಕ್ಕೆ ಸರಿದಿತ್ತು. ಮೇಲಿನ ಮಣ್ಣು ಉಬ್ಬಿ ಬಾಯಿ ಹೊಲಿದುಕೊಂಡಿದೆ, ಕೆಳಗಿನ ಕಲ್ಲು ಮಾತ್ರ ನಡೆಯುತ್ತಲೇ ಇದೆ ಎಂದು ನನಗನ್ನಿಸಿತು.

ಸಾಹೇಬರಿಗೆ ಫೋನು ಮಾಡಿದೆ.

"ಸರಳು ಎಷ್ಟು ಆಳ ಹೊಡೆದೀರಿ?" ಎಂದು ಕೇಳಿದರು.

"ಮಣ್ಣಿನಾಗ ಅಷ್ಟೇರಿ ಸರ್. ಕಲ್ಲಿನ ಮಟಾ ಹೋಗಿಲ್ಲ."

"ಮತ್ತ? ಎರಿ ಉಬ್ಬಿದ್ರ ಸರಳು ವಾಲ್ತಾವ. ಗೂಟಾನೂ ವಾಲ್ತಾವ. ನೀವು ಅಳಿಯಾಕತ್ತಿದ್ದು ಮಣ್ಣಿನ ಕುಣಿತ, ಗುಡ್ಡದ್ದಲ್ಲ."

ಅವರು ಹೇಳಿದ್ದರಲ್ಲಿ ನಿಜವಿತ್ತು. ಎರೆಮಣ್ಣಿನಲ್ಲಿ ಹೂತದ್ದೆಲ್ಲ ವಾಲುತ್ತದೆ, ನಮ್ಮ ಕಡೆ ವಿದ್ಯುತ್ ಕಂಬಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಹಾಗಾದರೆ ಬಂಡೆಯವರೆಗೆ ಕೊರೆದು ಸರಳು ಇಳಿಸೋಣ ಎಂದು ಕೇಳಿದೆ. ಮೇಲಿನವರಿಗೆ ಬರೆಯುತ್ತೇನೆ ಎಂದರು. ಬರೆದರು ಕೂಡ. ಬಿರುಕೇ ಮುಚ್ಚಿರುವಾಗ ಕೊರೆಯುವುದೇಕೆ ಎಂದು ಉತ್ತರ ಬಂತು.

ಮುಂದಿನ ಬೇಸಿಗೆಗೆ ಅದು ಮತ್ತೆ ಅದೇ ಜಾಗದಲ್ಲಿ ಬಾಯಿ ಬಿಟ್ಟಿತು. ಮಳೆಗೆ ಮತ್ತೆ ಮುಚ್ಚಿತು. ಕಾಕಿಯ ಮನೆಯ ಹಿಂದಿನ ಗೋಡೆಯಲ್ಲೂ ಒಂದು ಸೀಳು ಕಾಣಿಸಿಕೊಂಡಿತು. ಅವಳು ಬುದ್ಧಪೂರ್ಣಿಮೆಗೆ ಅದಕ್ಕೂ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದಳು. ಎರೆಭೂಮಿಯ ಮೇಲೆ ಕಟ್ಟಿದ ಯಾವ ಮನೆಯ ಗೋಡೆ ತಾನೇ ಸೀಳುವುದಿಲ್ಲ?

ಒಂದು ಮಧ್ಯಾಹ್ನ ಅಂಗಳದಲ್ಲಿ ಕೂತಿದ್ದಾಗ ಕಾಕಿ ದೂರದ ಶಹಾಪುರದ ಗುಡ್ಡದ ಕಡೆಗೆ ಕೈ ಮಾಡಿದಳು. ಅದು ಮಲಗಿದ ಬುದ್ಧನ ಹಾಗೆ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

"ಅವ ನೋಡ್ರಿ, ಎಂದ ಮಲಗ್ಯಾನೋ ಏನೋ, ಒಂದಿನಾನೂ ಮಗ್ಗಲಾ ಬದಲಿಸಿಲ್ಲ. ನಿಮ್ಮ ಗುಡ್ಡಕ್ಕ ಯಾಕ ನಿದ್ದಿ ಇಲ್ರಿ ಬಾಯಾರ?"

"ಅದು ಹುಟ್ಟಿದ ಗುಡ್ಡ ಕಾಕಿ. ಇದು ಸುರದಿದ್ದು."

"ಹಂಗಾರ ನನಗ ಬರ್ಕೊಡ್ರಿ, ಇದಕ್ಕ ನಿದ್ದಿ ಇಲ್ಲ ಅಂತ."

ಅರ್ಜಿಯ ಬಗ್ಗೆ ಅವಳು ನೇರವಾಗಿ ಕೇಳಿದ್ದು ಅದೊಂದೇ ಸಲ. ನಾನು ಬರೆದುಕೊಡುವ ಹಾಗಿಲ್ಲ, ಸಾಹೇಬರು ಸಹಿ ಮಾಡಬೇಕು, ಅವರು ಮಾಡಬೇಕಾದರೆ ಗಟ್ಟಿ ಆಧಾರ ಬೇಕು ಎಂದು ಏನೇನೋ ಹೇಳಿದೆ. ಅವಳು ಕೇಳಿಸಿಕೊಂಡಳು. "ಆಯ್ತು, ರೊಟ್ಟಿ ಹಾಕ್ಲೇನು?" ಎಂದಳು.

ಅರ್ಜಿಯ ಪರಿಶೀಲನೆಗೆ ಕಚೇರಿಯಿಂದ ಒಬ್ಬ ಅಧಿಕಾರಿ ಬಂದದ್ದು ಮಳೆಗಾಲದ ನಡುವೆ. ಸಾಹೇಬರು, ನಾನು, ಅಧಿಕಾರಿ, ಮುಂದೆ ದಾರಿ ತೋರಿಸುತ್ತ ಕಾಕಾ. ಕಾಕಾ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಹೆಂಡತಿಯ ಅರ್ಜಿಯಿಂದ ತನ್ನ ಕೆಲಸಕ್ಕೆ ಕುತ್ತು ಬರಬಾರದೆಂದು ತಾನು ಎಷ್ಟು ಚೆನ್ನಾಗಿ ದುಡಿದಿದ್ದೇನೆ ಎಂಬುದನ್ನು ತೋರಿಸಲು ಹೊರಟಿದ್ದ. ಅವನ ಗಿಡಗಳು ನಿಜಕ್ಕೂ ಚೆನ್ನಾಗಿದ್ದವು. ಡಂಪಿನ ಉಳಿದ ಭಾಗದಲ್ಲಿ ಬೇವು ಮೊಣಕಾಲಿಗೆ ಬಂದಿದ್ದರೆ ಆ ಅಂಚಿನಲ್ಲಿ ಎದೆಯುದ್ದ ಬೆಳೆದಿದ್ದವು.

"ಇಲ್ಲಿ ಗಿಡಾ ಹೆಂಗ ಇಷ್ಟು ಬೆಳೆದಾವ?" ಅಧಿಕಾರಿ ಕೇಳಿದರು.

ಕಾಕಾ ಹುಲ್ಲು ಸರಿಸಿ ತೋರಿಸಿದ. ಡಂಪಿನ ನೆತ್ತಿಯ ಮೇಲೆ ನಿಲ್ಲುವ ಮಳೆನೀರು ಪಕ್ಕದ ಕಲ್ಲುಕಾಲುವೆಗೆ ಹರಿದು ಹೋಗುವಂತೆ ಗಣಿ ಮುಚ್ಚಿದವರು ಇಳಿಜಾರು ಕೊಟ್ಟಿದ್ದರು. ಕಾಕಾ ಅದಕ್ಕೆ ಅಡ್ಡ ಒಂದು ಸಣ್ಣ ಬದು ಹಾಕಿ, ಸಲಿಕೆಯಿಂದ ನೀರು ಹೋಗಲು ಒಂದು ಹರಿ ಹೊಡೆದು, ನೀರನ್ನೆಲ್ಲ ಆ ಗೆರೆಯ ಕಡೆಗೆ ತಿರುಗಿಸಿದ್ದ.

"ನೀರು ಸುಮ್ನ ಹರದು ಹಾಳಾಗಿ ಹೋಗ್ತಿತ್ತುರಿ ಸಾಹೇಬ್ರ. ಬ್ಯಾಸಗ್ಯಾಗ ಇಲ್ಲಿ ಬಿರುಕು ಬಿಡ್ತದಲ್ರಿ, ಮೊದಲ ಮಳಿ ನೀರು ಅದರಾಗ ಬಿಟ್ರ ಆಳಕ್ಕ ಇಳದು ಬೇರಿಗೆ ಮುಟ್ತದ. ನಮ್ಮ ಹೊಲದಾಗ ನಾವು ಹಂಗೇ ಮಾಡ್ತೀವಿ. ಮಣ್ಣು ಕುಡುದು ತಂಪಾಗ್ತದ."

ಹೊಲದಲ್ಲಾದರೆ ಅದು ಜಾಣ ಒಕ್ಕಲಿಗನ ಕೆಲಸ. ಬಿರುಕಿನೊಳಗೆ ನೀರು ಇಳಿದರೆ ಭೂಮಿಗೆ ಹದ ಬರುತ್ತದೆ, ಹಿಂಗಾರಿ ಬೆಳೆ ನಿಲ್ಲುತ್ತದೆ. ನಮ್ಮ ತಂದೆಯೂ ಬದುವಿನ ಮೇಲೆ ನಿಂತು ಹಾಗೆಯೇ ನೀರು ತಿರುಗಿಸುತ್ತಿದ್ದರು. ಸುರಿದ ಕಲ್ಲಿನ ರಾಶಿಯಲ್ಲಿ ಮಾತ್ರ ಸೀಳಿನೊಳಗೆ ನೀರು ಬಿಡುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಒಳಗಿನ ಹಿಡಿತ ಬಿಡುತ್ತದೆ, ಭಾರ ಹೆಚ್ಚುತ್ತದೆ, ಕಲ್ಲು ಕೆಳಗೆ ದಾರಿ ಹುಡುಕುತ್ತದೆ. ಸಾಹೇಬರ ಮುಖ ನೋಡಿದೆ. ಅವರೂ ಆ ಕ್ಷಣದಲ್ಲಿ ರಾಮಸಮುದ್ರದ ಹೊಲದಿಂದ ಡಂಪಿಗೆ ಬಂದರು ಎಂದು ನನಗನ್ನಿಸಿತು.

ಆ ಹರಿಯನ್ನು ನಾನು ಅದಕ್ಕೂ ಮೊದಲು ನೋಡಿದ್ದೆನೇ? ಅಷ್ಟು ಸಲ ಆ ಗೆರೆಯ ಪಕ್ಕ ನಡೆದವಳು ನಾನು. ಹುಲ್ಲು ಮುಚ್ಚಿತ್ತು, ನೋಡಿರಲಿಲ್ಲ ಎನ್ನುತ್ತೇನೆ. ನೋಡಿ, ಹೊಲದಲ್ಲಿ ನೋಡಿದ ಹಾಗೆ ಅದನ್ನು ದಾಟಿ ಹೋಗಿರಲೂಬಹುದು. ಪರಿಚಯದ ವಸ್ತುವನ್ನು ನೋಡಿದ ನೆನಪು ಉಳಿಯುವುದಿಲ್ಲ.

ಅಧಿಕಾರಿ ಫೋನು ತೆಗೆದು ಹರಿಯ ಚಿತ್ರ ತೆಗೆದುಕೊಂಡರು. ಕಾಕಾ ಅದರ ಪಕ್ಕ ನೆಟ್ಟಗೆ ನಿಂತು ಅಂಗಿ ಸರಿಮಾಡಿಕೊಂಡ.

ಕೆಳಗಿಳಿದು ಬಂದ ಮೇಲೆ ಸಾಹೇಬರ ಹತ್ತಿರ ಮೆಲ್ಲಗೆ ಹೇಳಿದೆ. "ಸರ್, ಬಿರುಕು ಮೊದಲೇ ಇತ್ತು. ಅದನ್ನ ನೋಡೇ ಅವ ನೀರು ತಿರುವ್ಯಾನ. ಅವನಿಂದ ಶುರುವಾಗಿದ್ದಲ್ಲ ಇದು."

ಅದು ಅಧಿಕಾರಿಯ ಕಿವಿಗೂ ಬಿತ್ತು. "ಅದು ಬೇಸಿಗೆ ಬಿರುಕು ಅಂತ ನಿಮ್ಮ ವರದಿಯೊಳಗೇ ಅದಲ್ರಿ ಮೇಡಂ" ಎಂದರು. "ಬೇಸಿಗೆ ಬಿರುಕಿನಿಂದ ಏನೂ ಆಗಲ್ಲ. ನೀರು ಬಿಟ್ಟಿದ್ದಕ್ಕ ಆಗ್ಯಾದ. ಹೌದಲ್ರಿ ಸಾಹೇಬ್ರ?"

ಸಾಹೇಬರು ಬೂಟಿನ ಕೆಸರನ್ನು ಕಲ್ಲಿಗೆ ಒರೆಸುತ್ತಿದ್ದರು. "ನೀರು ಬಿಟ್ಟಿದ್ದು ತಪ್ಪೇ" ಎಂದರು. ಅದು ಸುಳ್ಳಲ್ಲ. ಅಷ್ಟರಲ್ಲೇ ಎಲ್ಲ ಮುಗಿದಿತ್ತು.

ತೀರ್ಮಾನ ಬರಲು ಹೆಚ್ಚು ತಡವಾಗಲಿಲ್ಲ. ಡಂಪು ಸ್ಥಿರವಾಗಿದೆ, ಕಾವಲುಗಾರ ನೀರು ತಿರುಗಿಸಿದ್ದರಿಂದ ಮೇಲ್ಮಣ್ಣು ಸ್ವಲ್ಪ ಜಾರಿದೆ, ನೀರು ನಿಲ್ಲಿಸಿದರೆ ಸರಿಹೋಗುತ್ತದೆ. ಆದ್ದರಿಂದ ಬೇರೆ ಜಾಗ ಕೊಡುವ ಅಗತ್ಯವಿಲ್ಲ. ಕಾವಲುಗಾರನನ್ನು ಕೆಲಸದಿಂದ ತೆಗೆಯಬೇಕು. ಕೆಲವು ವಾರಗಳ ನಂತರ ಆಳುಗಳು ಬಂದು ಹರಿ ಮುಚ್ಚಿ, ಗೆರೆಯ ಉದ್ದಕ್ಕೂ ಜೇಡಿಮಣ್ಣು ತುಂಬಿ, ತಟ್ಟಿ ಹೋದರು.

ಸುದ್ದಿ ಹೇಳಲು ನಾನೇ ಹೋದೆ. ಹೋಗದಿದ್ದರೂ ಅವರಿಗೆ ತಿಳಿಯುತ್ತಿತ್ತು. ಕಾಕಾ ಬಾಗಿಲ ಹೊರಗಿದ್ದ, ಕಾಕಿ ಹತ್ತಿ ಬಿಡಿಸುವ ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಅವಳು ಕಾಲಿಗೆ ನೀರು ಸುರಿದುಕೊಳ್ಳುತ್ತಲೇ ಇದ್ದಳು.

"ಕೇಳಿದ್ರೇನು ಬಾಯಾರ" ಎಂದಳು ಆಮೇಲೆ, ಗಂಡನ ಕಡೆ ನೋಡದೆ. "ಗುಡ್ಡಕ್ಕ ನೀರ ಕುಡಿಸ್ಯಾರ ನಮ್ಮನಿಯವ್ರು. ಇಷ್ಟು ವರ್ಷ ಸಂಸಾರ ಮಾಡೀನಿ, ನನಗೊಂದು ಚರಿಗಿ ನೀರ ತಂದು ಕೊಟ್ಟವರಲ್ಲ."

ಕಾಕಾ ನಗಲು ನೋಡಿದ. "ಗಿಡಾ ಒಣಗಿದ್ರ ಕೆಲಸಾ ಹೋಗ್ತಿತ್ತಲ್ಲ" ಎಂದ.

"ಈಗ ಉಳೀತೇನು?"

ಅವನು ಬೀಡಿ ಕೆಳಗೆ ಹಾಕಿ ಚಪ್ಪಲಿಯಿಂದ ಒರೆಸಿದ. ಆಮೇಲೆ ನನ್ನನ್ನು ಕೇಳಿದ. "ಖರೇ ಹೇಳ್ರಿ ಬಾಯಾರ. ನನ್ನಿಂದ ಆಗ್ಯಾದೇನು ಇದು?"

ಇಲ್ಲ ಎಂದೆ. ನಿಮಗಿಂತ ಮೊದಲೇ ಇತ್ತು ಎಂದೆ. ಅವನು ತಲೆಯಾಡಿಸಿದ, ಆದರೆ ನಂಬಲಿಲ್ಲ. ಸಹಿ ಇರುವ ಕಾಗದ ಒಂದು ಹೇಳುತ್ತಿತ್ತು, ಅಂಗಳದಲ್ಲಿ ನಿಂತ ಗುತ್ತಿಗೆಯ ಹೆಣ್ಣುಮಗಳು ಇನ್ನೊಂದು. ಅವನ ಜಾಗದಲ್ಲಿ ನಾನಿದ್ದರೂ ಕಾಗದವನ್ನೇ ನಂಬುತ್ತಿದ್ದೆ. ಮತ್ತೆ, ಅವನ ನೀರಿನಿಂದ ಎಷ್ಟು, ಗುಡ್ಡದ ತನ್ನದೇ ಭಾರದಿಂದ ಎಷ್ಟು ಎಂದು ಬೇರ್ಪಡಿಸಿ ಹೇಳುವ ಅಳತೆ ನನ್ನಲ್ಲೂ ಇರಲಿಲ್ಲ. ಇಲ್ಲ ಎಂದದ್ದು ಸಮಾಧಾನಕ್ಕೋ ಸತ್ಯಕ್ಕೋ ನನಗೆ ಈಗಲೂ ಗೊತ್ತಿಲ್ಲ.

ಅಂದಿನಿಂದ ಕಾಕಾ ಡಂಪು ಹತ್ತಲಿಲ್ಲ. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಬೇವಿನ ಗಿಡಗಳನ್ನು ಕುರಿಗಳು ತಿಂದವು. ಅವನು ಕಾಲುವೆಯ ಕಡೆ ಭತ್ತದ ಗದ್ದೆಗಳಿಗೆ ಕೂಲಿಗೆ ಹೋಗತೊಡಗಿದ. ಕೊಂಕಲ್‌ನ ತವರಿಗೆ ಹೋಗಿ ಸ್ವಲ್ಪ ದಿನ ಇರಿ ಎಂದು ಕಾಕಿಗೆ ಹೇಳಿ ನೋಡಿದೆ. "ಸ್ವಲ್ಪ ದಿನ ಇದ್ದು?" ಎಂದಳು. ಅಲ್ಲಿ ಇಬ್ಬರು ತಮ್ಮಂದಿರು ಒಂದೇ ಮನೆಯಲ್ಲಿದ್ದರು.

ನಾನು ಅಳೆಯುವುದನ್ನು ನಿಲ್ಲಿಸಲಿಲ್ಲ. ಗೂಟಗಳು ಸರಿಯುತ್ತಲೇ ಇದ್ದವು. ಬಿರುಗಾಳಿಯಂತೆ ಅಲ್ಲ, ಒಮ್ಮೆಲೇ ಅಲ್ಲ. ಪ್ರತಿ ಸಲ ಬೆರಳಿನ ಅಗಲದಷ್ಟು, ಮಳೆಯಾದಾಗ ಇನ್ನೂ ಸ್ವಲ್ಪ. ವರದಿಯಲ್ಲಿ ಪ್ರತಿ ಸಲ ಬರೆದೆ. ಎರೆಮಣ್ಣಿನ ಉಬ್ಬುವಿಕೆಯನ್ನು ಗಮನದಲ್ಲಿಟ್ಟು ನೋಡಬೇಕು ಎಂಬ ಸಾಲು ಪ್ರತಿ ಸಲ ಅದರ ಕೆಳಗೆ ಸೇರಿತು. ನೀರು ನಿಂತಿದೆ, ಸರಿಹೋಗುತ್ತದೆ ಎಂದವರು ಮತ್ತೆ ನೋಡಲು ಬರಲಿಲ್ಲ. ಸಾಹೇಬರು ಈಗ ನನ್ನ ಜೊತೆ ತಮಾಷೆ ಮಾಡುವುದಿಲ್ಲ. ಒಮ್ಮೆ, ಜೀಪು ಹತ್ತುವಾಗ, "ನಾನೂ ಅದನ್ನ ಹೊಲ ಅಂತೇ ನೋಡಿದೆ ಮೇಡಂ" ಎಂದರು. ಅದನ್ನು ಕಾಗದದಲ್ಲಿ ಹೇಳಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಡಂಪಿನ ಬುಡ ಉಬ್ಬಿತು. ಮನೆಯ ಹಿಂದಿದ್ದ ಬಚ್ಚಲಿನ ಕಲ್ಲುಗಳು ಎದ್ದು ನಿಂತವು. ಹಿಂದಿನ ಗೋಡೆ ಒಳಕ್ಕೆ ಹೊಟ್ಟೆ ಬಿಟ್ಟಿತು. ಮನೆ ಮೇಲೆ ಗುಡ್ಡ ಕುಸಿಯುತ್ತದೆ ಎಂದು ನಾನು ಕೆಲವು ಸಲ ಬೆಚ್ಚಿದ್ದೇನೆ. ಇದುವರೆಗೆ ಹಾಗಾಗಿಲ್ಲ. ಅದು ಮನೆಯನ್ನು ನಿಧಾನವಾಗಿ ತಳ್ಳುತ್ತಿದೆ, ಅಷ್ಟೇ. ಕುಸಿದಿದ್ದರೆ ಯಾರಾದರೂ ಬಂದು ನೋಡುತ್ತಿದ್ದರು ಎಂಬ ಯೋಚನೆ ಬರುತ್ತದೆ. ಬಂದ ಕೂಡಲೇ ನಾಚಿಕೆಯಾಗುತ್ತದೆ.

ಹೋದ ಚಳಿಗಾಲದಲ್ಲಿ ಹೋದಾಗ ಹಿಂದಿನ ಗೋಡೆ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಅದನ್ನು ತಾವೇ ಕೆಡವಿದ್ದರು. ಕಲ್ಲುಗಳನ್ನು ಅಂಗಳದಲ್ಲಿ ಒಟ್ಟಿದ್ದರು. ಗೋಡೆ ಇದ್ದ ಕಡೆಯಿಂದ ಡಂಪಿನ ಬುಡ ನೇರ ಮನೆಯೊಳಗೆ ಕಾಣುತ್ತಿತ್ತು, ಕಪ್ಪು ಮಣ್ಣು, ಅದರಿಂದ ಹೊರಬಂದ ಚೂಪು ಕಲ್ಲುಗಳು. ಬುದ್ಧನ ಪಟವನ್ನು ಬಾಗಿಲ ಕಡೆಯ ಗೋಡೆಗೆ ವರ್ಗ ಮಾಡಿದ್ದರು. ಕಾಕಾ ಹೊರಗೆ ಮಣ್ಣು ಕಲಸುತ್ತಿದ್ದ, ನನ್ನನ್ನು ನೋಡಿ ತಲೆಯಾಡಿಸಿದ. ಕಾಕಿ ಸೀರೆ ಮೇಲೆ ಕಟ್ಟಿ, ಕೈಯಲ್ಲಿ ಹಗ್ಗ ಹಿಡಿದು, ಉಳಿದ ಮನೆಯ ನಡುವೆ ನಿಂತಿದ್ದಳು.

"ಬರ್ರಿ. ಛಲೋ ಟೈಮಿಗೆ ಬಂದ್ರಿ. ಇದನ್ನ ಹಿಡ್ಕೋರಿ."

ಹಗ್ಗದ ಒಂದು ತುದಿ ಹಿಡಿದೆ. ಅವಳು ಇನ್ನೊಂದು ತುದಿ ಹಿಡಿದು ಆ ಕಡೆ ಗೋಡೆಗೆ ಹೋದಳು. ಹೊಸ ಗೋಡೆಗೆ ಗೆರೆ ಹಾಕಬೇಕಾಗಿತ್ತು.

"ಗುಡ್ಡದಿಂದ ಎಷ್ಟು ಬಿಡ್ಲಿ?" ಎಂದಳು.

ನನ್ನ ಓದು, ಯಂತ್ರ, ಇಷ್ಟು ವರ್ಷಗಳ ಅಳತೆ, ಎಲ್ಲಕ್ಕೂ ಇದ್ದದ್ದು ಈ ಒಂದು ಪ್ರಶ್ನೆ. ಹಿಂದಿನ ಮಳೆಗಾಲದಲ್ಲಿ ಬುಡ ಒಂದು ಗೇಣಿಗಿಂತ ಹೆಚ್ಚು ಮುಂದೆ ಬಂದಿತ್ತು. ಮುಂದಿನದರಲ್ಲಿ ಎಷ್ಟು ಬರುತ್ತದೆ? ಮನೆಯ ಮುಂದೆ ಅಂಗಳ, ಅಂಗಳದ ಮುಂದೆ ಬಂಡಿದಾರಿ, ಅದರಾಚೆ ಬೇರೆಯವರ ಹೊಲ.

"ಕಾಕಿ, ಎಷ್ಟು ಬಿಟ್ಟರೂ..." ಎಂದು ನಿಲ್ಲಿಸಿದೆ.

"ಅದು ಗೊತ್ತದರಿ. ಈ ವರ್ಷಕ್ಕ ಕೇಳಾಕತ್ತೀನಿ."

ಒಂದು ಮಾರು ಎಂದೆ. ಯಾವ ಲೆಕ್ಕದಿಂದ ಹೇಳಿದೆನೋ ತಿಳಿಯದು. ಅವಳು ಎರಡೂ ಕೈ ಚಾಚಿ, ಡಂಪಿನ ಬುಡದಿಂದ ಒಂದು ಮಾರು ಅಳೆದು, ನಿಂತು ನೋಡಿದಳು. ಆಮೇಲೆ ತಾನೇ ಇನ್ನೊಂದು ಮೊಳ ಈಚೆ ಬಂದಳು. ಹಗ್ಗ ಬಿಗಿಯಾಗಿ ಎಳೆದು ಅದರ ಕೆಳಗೆ ಸುಣ್ಣದ ಪುಡಿ ಉದುರಿಸುತ್ತ ಬಂದಳು. ಗೆರೆ ನನ್ನ ಕಾಲಿನ ಹತ್ತಿರ ಬಂದು ಮುಟ್ಟಿತು. ಒಲೆ ಗೆರೆಯ ಆಚೆ ಉಳಿಯಿತು, ಜೋಳದ ಚೀಲಗಳು ಈಚೆ. ಒಂದು ಮಂಚ ಹಾಕಿದರೆ ಇನ್ನೊಬ್ಬರು ಕೂರಲು ಜಾಗ ಉಳಿಯುತ್ತಿತ್ತು.

"ಒಲಿ ಹೊರಗ ಹಾಕ್ಬೇಕಾಗ್ತದ" ಎಂದು ಅವಳು ಗಂಡನಿಗೆ ಕೇಳುವಂತೆ ಹೇಳಿದಳು.

ಹೊರಗಿನಿಂದ ಕಾಕಾ, "ಮಳಿಗಾಲದಾಗ?" ಎಂದ.

ಅವಳು ಹಗ್ಗ ಸುತ್ತಿಕೊಂಡು, ಅಂಗಳಕ್ಕೆ ಹೋಗಿ, ರಾಶಿಯಿಂದ ಮೊದಲನೇ ಕಲ್ಲು ಎತ್ತಿಕೊಂಡು ಬಂದಳು.